ಸೊಸೆಯ ಹಗ್ಗ

ಸಭೆಯ ಅಧ್ಯಕ್ಷರೂ ಗವಿ ಬಳಗದ ಸ್ಥಾಪಕರೂ ಆದ ಶಾಂತಮೂರ್ತಿಯವರೇ, ಹನೂರಿನಿಂದ, ಯಳಂದೂರಿನಿಂದ ಬಸ್ಸು ಹಿಡಿದು ಬಂದಿರುವ ಬಳಗದ ಸದಸ್ಯರೇ, ಅಡುಗೆಯ ಘಮ ಮೂಗಿಗೆ ಬಡಿಯುತ್ತಿದ್ದರೂ ಎದ್ದು ಹೋಗದೆ ಕೂತಿರುವ ಕೊಳ್ಳೇಗಾಲದ ಸಭಿಕರೇ,

ಮುಳ್ಳೂರಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ಈ ಶಿವರತ್ನಮ್ಮನಿಗೆ ಮಾತಾಡುವುದು ಹೊಸದಲ್ಲ. ಆದರೆ ಇಂಥ ಸನ್ಮಾನ ಹೊಸದು. ನಿವೃತ್ತಿಯ ದಿನ ಹೊದಿಸಿದ್ದು 'ಇನ್ನು ಮನೆಗೆ ಹೋಗಿ' ಎನ್ನುವ ಶಾಲು. ಇವತ್ತು ಹೊದಿಸಿದ್ದು 'ಬನ್ನಿ' ಎನ್ನುವ ಶಾಲು. ಎರಡಕ್ಕೂ ಇರುವ ವ್ಯತ್ಯಾಸ ಹೊದ್ದವರಿಗೇ ಗೊತ್ತು.

ಈ ಬಳಗದವರು ಮಾಡುವುದಾದರೂ ಏನು? ಭಾನುವಾರ ಬಂತೆಂದರೆ ತಲೆಗೆ ಹೆಲ್ಮೆಟ್ಟು, ದೀಪ ಕಟ್ಟಿಕೊಂಡು ಗುಡ್ಡದ ಗವಿಗಳಿಗೆ ನುಗ್ಗುತ್ತಾರೆ. ನೆಲದಲ್ಲಿ ಬಾಯಿ ತೆರೆದ ಆಳದ ಗುಂಡಿ ಕಂಡರೆ ಹಗ್ಗ ಕಟ್ಟಿ ಇಳಿಯುತ್ತಾರೆ. ತಳದಲ್ಲಿ ಏನು ಸಿಗುತ್ತದೆ? ಕೆಸರು ಸಿಗುತ್ತದೆ, ಬಾವಲಿ ಸಿಗುತ್ತದೆ. ಚಿನ್ನ ಸಿಕ್ಕಿದ್ದರೆ ನಮ್ಮ ಅಧ್ಯಕ್ಷರು ಇನ್ನೂ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತ ಕೂರುತ್ತಿರಲಿಲ್ಲ.

ಇಳಿಯುವವರಿಗೆ ಎರಡು ಹಗ್ಗ. ಒಂದನ್ನು ಬಂಡೆಗೆ ಕಟ್ಟಿರುತ್ತಾರೆ, ಅದರ ಮೇಲೆ ಇಳಿಯುವುದು. ಇನ್ನೊಂದು ಕಾವಲು ಹಗ್ಗ. ಇದನ್ನು ಮೇಲೆ ಕೂತವರು ಹಿಡಿದು ಸ್ವಲ್ಪ ಸ್ವಲ್ಪವೇ ಬಿಡಬೇಕು. ಯಾರು ಹಿಡಿಯಬೇಕು? ನಮ್ಮೂರ ಕಡೆ ಬಾವಿಗೆ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಯಾಕೆಂದರೆ ಕೈ ಬಿಟ್ಟರೆ ತಾಳಿ ಕಳೆದುಕೊಳ್ಳುವವಳು ಹಗ್ಗ ಹಿಡಿದವನ ಒಡಹುಟ್ಟಿದವಳೇ. ಬಳಗದವರು ಫಾರಿನ್ ಹಗ್ಗ ತಂದರೂ ಈ ಪದ್ಧತಿ ಬಿಡಲಿಲ್ಲ. ಹಾಗಾಗಿ ಮದುವೆಯಾಗದ ಹುಡುಗರೆಲ್ಲ ಗುಂಡಿಯ ಬಾಯಲ್ಲಿ ಕೂತು ಬುತ್ತಿ ಕಾಯಬೇಕು. ಗುಂಡಿಗೆ ಇಳಿಯುವ ಆಸೆಯಿಂದಲೇ ಹೆಣ್ಣು ಹುಡುಕಿದವರು ಈ ಸಭೆಯಲ್ಲಿದ್ದಾರೆ, ಹೆಸರು ಹೇಳುವುದಿಲ್ಲ.

ನಮ್ಮಪ್ಪನಿಗೆ ಬರೀ ಹೆಣ್ಣುಮಕ್ಕಳು. ನಮ್ಮ ಬಾವಿಯ ಹೂಳೆತ್ತಿಸುವಾಗ ನನ್ನ ಯಜಮಾನರು ತಾವೇ ಇಳಿಯುತ್ತೇನೆಂದು ಪಂಚೆ ಎತ್ತಿ ಕಟ್ಟಿದರು. ಊರವರು ತಡೆದರು. "ನಿನ್ನೆಂಡ್ತಿಗೆ ಅಣ್ತಮ್ಮದೀರು ಇಲ್ಲ ಕಣಯ್ಯ, ನಿನ್ನಗ್ಗ ಯಾರು ಇಡ್ಕಂಡಾರು?" ಅಂದರು. ನಾನು ಹಿಡಿಯುತ್ತೇನೆ ಅಂದೆ. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ಅವರು ಲಿಂಗೈಕ್ಯರಾಗಿ ಎಷ್ಟೋ ವರ್ಷವಾಯಿತು, ಒಳ್ಳೆಯ ಮನುಷ್ಯ. ಆ ನಗು ಮಾತ್ರ ನನಗೆ ಇನ್ನೂ ನೋಯುತ್ತದೆ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು. ಇರಲಿ.

ನನ್ನ ಸೊಸೆ ಪವಿತ್ರ ಪಿ.ಟಿ. ಟೀಚರು. ಬಳಗ ಸೇರಿದಳು. ನಮ್ಮ ಮನೆಯ ಮಹಡಿಯಿಂದ ಹಗ್ಗದಲ್ಲಿ ಇಳಿದು ಅಭ್ಯಾಸ ಮಾಡುತ್ತಿದ್ದಳು. ಆ ಹೊತ್ತಿಗೆ ಮನೆಯಲ್ಲಿ ಬೇರೆ ಯಾರೂ ಇರದಿದ್ದರಿಂದ ಕಾವಲು ಹಗ್ಗ ಹಿಡಿಯುವುದನ್ನು ನನಗೇ ಕಲಿಸಿದಳು. ನಾನು ಬೈಯುತ್ತಲೇ ಹಿಡಿಯುತ್ತಿದ್ದೆ. ಕಳೆದ ಚಳಿಗಾಲ, ಶಾಗ್ಯದ ಆಚೆಯ ಗುಡ್ಡದ ಗುಂಡಿಗೆ ಇಳಿಯುತ್ತೇನೆ ಅಂದಳು. ತೆಂಗಿನ ಮರದ ಮೇಲೆ ಇನ್ನೊಂದು ತೆಂಗಿನ ಮರ ನಿಲ್ಲಿಸಿದರೂ ಗರಿ ಮೇಲೆ ಕಾಣದಷ್ಟು ಆಳ. ಬುದ್ಧಿ ಹೇಳಿ ವಾಪಸ್ಸು ಕರೆತರೋಣವೆಂದು ನಾನೂ ಜೊತೆಗೆ ಹೋದೆ.

ಅಲ್ಲಿ ದೊಡ್ಡ ಚರ್ಚೆ. ಹೆಂಗಸು ಇಳಿದರೆ ಹಗ್ಗ ಯಾರು ಹಿಡಿಯಬೇಕು? ಹಿರಿಯರು ಅದನ್ನು ಹೇಳಿಯೇ ಇಲ್ಲ! ನನ್ನ ಮಗ ಪ್ರಭುಸ್ವಾಮಿ ಗುಂಡಿಯೊಳಗೆ ಇಣುಕಿಯೇ ಬೆವತುಹೋಗಿದ್ದ. ಆಗ ಪವಿತ್ರ, "ನಮ್ಮತ್ತೆ ಇಡ್ಕತಾರೆ" ಅಂದಳು. "ಸೊಸೆ ಅಗ್ಗ ಅತ್ತೆ ಕೈಗಾ! ಮುಗೀತು ಬುಡ್ಲಾ!" ಅಂತ ಯಾರೋ ಅಂದರು, ಗುಡ್ಡವೆಲ್ಲ ನಕ್ಕಿತು. ನನಗೆ ಎಲ್ಲಿತ್ತೋ ಸಿಟ್ಟು. "ಕೊಡ್ರಲಾ ಇಲ್ಲಿ" ಅಂದೆ. ನನ್ನ ಹಿಂದೆ ಶಾಂತಮೂರ್ತಿಯವರು ಹಗ್ಗದ ತುದಿ ಹಿಡಿದು ಕೂತರು.

ಇಳಿಯುವ ಮೊದಲು ಪವಿತ್ರ ಒಂದೇ ಮಾತು ಹೇಳಿದ್ದು. "ಒಂದು ಸೀಟಿಗೆ ಬಿಡಿ, ಎರಡು ಸೀಟಿ ಊದೋವರ್ಗೂ ಎಳೀಬೇಡಿ, ಅತ್ತೆ."

ಅರ್ಧ ದಾರಿಯಲ್ಲಿ ಹಗ್ಗ ನಿಂತಿತು. ಸೀಟಿ ಇಲ್ಲ. ಕೂಗಿದರೆ ಉತ್ತರವಿಲ್ಲ. "ಎಳೀರವ್ವ, ಎಳೀರಿ!" ಅಂತ ಎಲ್ಲರೂ ಬೊಬ್ಬೆ. ನನ್ನ ಮಗ ಅಳುತ್ತಿದ್ದ, "ಅವ್ವ, ಎಳಿಯವ್ವ!" ಮನೆಯಲ್ಲಿ ಸಾರಿಗೆ ಉಪ್ಪು ಎಷ್ಟು ಎನ್ನುವುದರಲ್ಲೂ ಸೊಸೆಯ ಮಾತು ಕೇಳಿದವಳಲ್ಲ ನಾನು. ಅವತ್ತು ಕೇಳಿದೆ. ಎಳೆಯಲಿಲ್ಲ. ಕೈ ಬಿಟ್ಟರೆ ನನಗೇನು ನಷ್ಟ ಅಂತ ನಕ್ಕವರು ಎಣಿಸಿದ್ದರಲ್ಲ? ಮಗನಿಗೆ ಇನ್ನೊಂದು ಹೆಣ್ಣು ವರ್ಷದೊಳಗೆ ಸಿಗುತ್ತದೆ, ಸ್ವಾಮಿ. ಬೆಳಿಗ್ಗೆ ನನ್ನ ಜೊತೆ ಜಗಳವಾಡಿ, ಗಳಿಗೆ ಕಳೆದು "ಅತ್ತೆ, ಟೀ ಕುಡೀತೀರಾ?" ಎನ್ನುವವಳು ನನಗೆ ಇನ್ನೆಲ್ಲಿ ಸಿಗುತ್ತಾಳೆ?

ಒಂದು ಸೀಟಿ ಬಂತು. ಹಗ್ಗ ಮತ್ತೆ ಇಳಿಯಿತು. ಮೇಲೆ ಬಂದ ಮೇಲೆ ಹೇಳಿದಳು: ಸಡಿಲವಾಗಿದ್ದ ಕಲ್ಲುಗಳ ನಡುವೆ ಕಾವಲು ಹಗ್ಗ ಸಿಕ್ಕಿಕೊಂಡಿತ್ತು, ಸೀಟಿಯನ್ನು ಬಾಯಿಗಿಡಲು ಕೈ ಬಿಡುವಿರಲಿಲ್ಲ. ನಾವು ಎಳೆದಿದ್ದರೆ ಕಲ್ಲುಗಳೆಲ್ಲ ಅವಳ ತಲೆಯ ಮೇಲೆಯೇ ಬೀಳುತ್ತಿದ್ದವು. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಕೆಸರೆಲ್ಲ ನನ್ನ ಸೀರೆಗೆ.

"ಅತ್ತೆ, ಕೆಳಗಡೆ ಗೋಡೆಯೆಲ್ಲ ಹೊಳೀತಿತ್ತು. ನೀವೂ ನೋಡ್ಬೇಕು" ಅಂದಳು. "ನಾನ್ಯಾಕವ್ವ ಓಗ್ಲಿ, ಮುದುಕಿ" ಅಂದೆ.

ಸಭಿಕರೇ, ಆಮೇಲೆ ಯೋಚಿಸಿದೆ. ಮಹಡಿಯಿಂದ ಇಳಿಯುವುದನ್ನು ಗುಟ್ಟಾಗಿ ಕಲಿತೆ. ಪ್ರಭು, ಹಾಗೆ ಬಾಯಿ ಬಿಡಬೇಡ, ಡಾಕ್ಟರನ್ನೂ ಕೇಳಿದ್ದೇನೆ. ಬರುವ ಭಾನುವಾರ ಆ ಗುಂಡಿಗೆ ನಾನು ಇಳಿಯುತ್ತೇನೆ. ಭಯವಿಲ್ಲವೇ? ಹೊಟ್ಟೆ ತುಂಬ ಇದೆ. ಆದರೆ ಕಾವಲು ಹಗ್ಗ ಪವಿತ್ರಳ ಕೈಯಲ್ಲಿರುತ್ತದೆ.

ಇಷ್ಟು ಹೊತ್ತು ಈ ಮೇಡಮ್ಮಿನ ಪಾಠ ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆ. ಒಂದೇ ಕೋರಿಕೆ. ಭಾನುವಾರ ನೋಡಲು ಬರುವವರು ದಯವಿಟ್ಟು ಗುಂಡಿಯ ಬಾಯಲ್ಲಿ ಗದ್ದಲ ಮಾಡಬೇಡಿ. ನನ್ನ ಸೀಟಿ ನನ್ನ ಸೊಸೆಗೆ ಕೇಳಿಸಬೇಕು.

ನಮಸ್ಕಾರ.