ಬಾಟಲಿಗೆ ಬಿದ್ದ ಸಕ್ಕರೆ

ಓಲೋಮೌಟ್ಸ್ ಊರಿನ ಕಣ್ಣಾಸ್ಪತ್ರೆಯಲ್ಲಿ ನನ್ನ ಎದುರಿನ ಬೆಂಚಿನ ಮೇಲೆ ವಯಸ್ಸಾದ ದಂಪತಿ ಕುಳಿತಿದ್ದರು. ಗಂಡನ ಬಲಗಣ್ಣಿಗೆ ಪಟ್ಟಿ ಕಟ್ಟಿತ್ತು.

“ಮನೇಲಿ ಮಾಡಿದ ಬಿಯರು, ಪೂರ್ತಿ ಹುದುಗು ಬರೋಕೆ ಮೊದಲೇ ಬಾಟಲಿಗೆ ತುಂಬಿದ್ರೇನೋ. ಅದಕ್ಕೇ ಬಾಟಲಿ ಸಿಡೀತು,” ಎಂದಳು ಹೆಂಡತಿ.

“ಇಲ್ಲ ಬ್ಲಾಂಕಾ, ಪೀಪಾಯಿಲಿ ಗುಳ್ಳೆ ಏಳೋದು ನಿಂತ ಮೇಲೇ ತುಂಬಿದ್ದು.”

“ಮತ್ಯಾಕೆ ಸಿಡೀತು?”

“ಬಾಟಲಿ ಒಳಗೆ ಇನ್ನೊಂದು ಸಲ ಹುದುಗು ಬಂದ್ರೇ ನೊರೆ ಬರೋದು. ಅದಕ್ಕೆ ಅಂತ ಒಂಚೂರು ಸಕ್ಕರೆ ಹಾಕ್ತೀನಲ್ಲ, ಅದು ಜಾಸ್ತಿ ಆಗಿದೆ. ನಾನೇ ಮರೆತು ಎರಡು ಸಲ ಹಾಕಿರ್ಬೇಕು.”

ಅವಳು ಕೈಚೀಲದ ಹಿಡಿಯನ್ನು ತಿರುಚುತ್ತಾ ಕುಳಿತಳು.

“ಎರಡನೇ ಸಲ ಹಾಕಿದ್ದು ನಾನು ಕಣ್ರೀ.”

“ನೀನಾ?”

“ನೀವು ಮರ್ತಿರ್ತೀರಿ ಅಂದ್ಕೊಂಡೆ. ಒಲೆ ಆರಿಸೋದು ಮರೀತೀರಿ, ಮೊನ್ನೆ ಮೊಮ್ಮಗಳ ಹೆಸರೂ ಬಾಯಿಗೆ ಬರ್ಲಿಲ್ಲ. ಕೇಳಿದ್ರೆ ನೊಂದ್ಕೋತೀರಿ ಅಂತ, ಕೇಳ್ದೆ ಹಾಕ್ಬಿಟ್ಟೆ.”

“ಹಾಗಾದ್ರೆ ನಾನು ಹಾಕಿದ್ದು ಒಂದೇ ಸಲ.”

“ಒಂದೇ ಸಲ.”

“ಎಲ್ಲಾ ಬಾಟಲಿಗೂ ನೆನಪಿಟ್ಟು ಹಾಕಿದೀನಿ.”

“ಹೂಂ. ನನ್ನಿಂದ ನಿಮ್ಮ ಕಣ್ಣು ಹೋಯ್ತು.”

“ಅದು ಬಿಡು, ಇನ್ನೊಂದಿದೆ.”

ಅವನ ದನಿಯಲ್ಲಿ ಖುಷಿಯಿತ್ತು. ಅವಳು ಅಳುತ್ತಿದ್ದಳು. ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, “ಕ್ರೆಯ್ಚೀ ಅವರೇ,” ಎಂದು ಕರೆದಳು. ಅವನು ಹೆಂಡತಿಯ ಭುಜ ಹಿಡಿದು ಎದ್ದ.

“ಮೊಮ್ಮಗಳ ಹೆಸರು ಅಲ್ಜ್‌ಬೇಟಾ,” ಎನ್ನುತ್ತಾ ಒಳಗೆ ಹೋದ.