ಬೋಣಿಯಾಗದ ಕುರ್ಚಿ

ನಾನು ಒಳಗೆ ಹೋದಾಗ, ಊರಿನ ಪುಟ್ಟ ಮ್ಯೂಸಿಯಮ್ಮಿನಲ್ಲಿ ಸುತ್ತ ಹಗ್ಗ ಕಟ್ಟಿದ್ದ ಹಳೆಯ ಕ್ಷೌರದ ಕುರ್ಚಿಯ ಹಿಂದೆ ಮುದುಕರೊಬ್ಬರು ಬಾಚಣಿಗೆ ಹಿಡಿದು ನಿಂತಿದ್ದರು. ಅವರ ಮಗಳು ಕಾವಲುಗಾರನನ್ನು ಅಂಗಲಾಚುತ್ತಿದ್ದಳು.

“ಅಣ್ಣಾ, ಒಂದೇ ನಿಮಿಷ ಕೂತ್ಕೊಳ್ಳಿ.”

“ಕುರ್ಚಿ ಯಾರೂ ಮುಟ್ಟೋ ಹಾಗಿಲ್ಲಮ್ಮ. ನನ್ನ ಕೆಲಸ ಹೋಗುತ್ತೆ.”

“ಕುರ್ಚಿ ಕೊಟ್ಟೋರೇ ನಮ್ಮಪ್ಪ. ಈಗ ಕೊಟ್ಟಿದ್ದೇ ನೆನಪಿಲ್ಲ, ಇದನ್ನೇ ಅಂಗಡಿ ಅಂದ್ಕೊಂಡಿದಾರೆ.”

“ಮನೇಲೇ ಯಾರನ್ನಾದ್ರೂ ಕೂರಿಸಿ.”

“ಕೂರಿಸಿದೆ, ಒಪ್ಪಲ್ಲ. ಬೋಣಿ ಆಗದೆ ಅವರು ಯಾವತ್ತೂ ತುತ್ತು ಮುಟ್ಟಿದೋರಲ್ಲ. ನಿನ್ನೆಯಿಂದ ಬರೀ ನೀರು. ನಿಮ್ಮ ಕಾಲಿಗೆ ಬೀಳ್ತೀನಿ.”

ಕಾವಲುಗಾರ ಮೂಲೆಯ ಕ್ಯಾಮೆರಾ ಕಡೆ ನೋಡಿ ತಲೆ ತಗ್ಗಿಸಿದ.

“ಬಾಗಿಲು ಹಾಕೋ ಹೊತ್ತಾಯ್ತು.”

ಮುದುಕರು ಬಾಚಣಿಗೆಯನ್ನು ಜೇಬಿಗಿಟ್ಟು ಮಗಳ ಕೈ ಹಿಡಿದು ಹೊರಟರು.

“ನೀನು ಊಟ ಮಾಡಮ್ಮ. ನಾಳೆ ಯಾರಾದ್ರೂ ಬಂದೇ ಬರ್ತಾರೆ.”