ಮ್ಯಾನೇಜರರ ಗಾಳಿ

ಮಣಿಪಾಲದಲ್ಲಿ ಉಡುಪಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೆಲಸ ಮುಗಿಸಿ ಬಂದ ಹುಡುಗಿಯೊಬ್ಬಳು, ಊರಿನ ಪರಿಚಯದ ಪ್ರಫುಲ್ಲಕ್ಕನಿಗೆ ಆಫೀಸಿನ ಸುದ್ದಿ ಹೇಳುತ್ತಿದ್ದಳು.

“ಗಾಜಿನ ಕಟ್ಟಡ ಅಲ್ವಾ ಸಮೀಕ್ಷಾ, ಒಳಗೆ ತಂಪು ಇರಬೇಕು.”

“ಬಿಸಿಲು ಬರ್ತದೆ, ಗಾಳಿ ಬರುವುದಿಲ್ಲ ಪ್ರಫುಲ್ಲಕ್ಕ. ಒಂದು ಕಿಟಕಿಯೂ ತೆರೆಯುವುದಿಲ್ಲ.”

“ಎಸಿ ಉಂಟಲ್ಲ, ಮತ್ತೆಂತ?”

“ಅದು ಕೆಟ್ಟಿತು. ನಮ್ಮ ಅಕೌಂಟೆಂಟ್ ದಾಮೋದರ ಸರ್ ಬಾಲ್ಕನಿಯ ಬಾಗಿಲು, ಮೆಟ್ಟಿಲಿನ ಬಾಗಿಲು ಎರಡೂ ತೆರೆದಿಟ್ಟರು. ಒಳ್ಳೆ ಗಾಳಿ. ರಿಪೇರಿ ಆದ ಮೇಲೂ ನಾವು ಯಾರೂ ಎಸಿ ಹಾಕಲಿಲ್ಲ.”

“ಒಳ್ಳೆಯದೇ ಆಯಿತಲ್ಲ.”

“ಶಿಸ್ತಿಲ್ಲ ಅಂತ ದಾಮೋದರ ಸರ್‌ಗೆ ಮ್ಯಾನೇಜರ್ ನೋಟಿಸ್ ಕೊಟ್ಟರು.”

“ಅಯ್ಯೋ ಪಾಪ.”

“ಆಮೇಲೆ ಕರೆಂಟ್ ಬಿಲ್ ಅರ್ಧಕ್ಕೆ ಇಳಿಯಿತು. ಹೆಡ್ ಆಫೀಸಿನವರು ಕೇಳಿದಾಗ, ಅದು ನನ್ನದೇ ಯೋಜನೆ ಅಂದರು ಮ್ಯಾನೇಜರ್. ಪ್ರಶಸ್ತಿಯೂ ಬಂತು.”

“ದಾಮೋದರರು ಸುಮ್ಮನಿದ್ದರಾ?”

“ನಾಳೆ ಹೆಡ್ ಆಫೀಸಿನವರು ಆ ಗಾಳಿ ನೋಡಲಿಕ್ಕೆ ಬರ್ತಾರೆ. ನೋಟಿಸ್ ವಾಪಸ್ ತೆಗೆಯದಿದ್ದರೆ ಅವರ ಎದುರೇ ಎಲ್ಲ ಹೇಳ್ತೇನೆ ಅಂದರು ದಾಮೋದರ ಸರ್.”

“ತೆಗೆದರಾ?”

“ಆಗಲೇ ತೆಗೆದರು. ಆದರೆ ನಾಳೆ ಎಸಿ ಹಾಕುವ ಹಾಗಿಲ್ಲ. ಮ್ಯಾನೇಜರರ ಕ್ಯಾಬಿನಿಗೆ ಗಾಳಿ ಹೋಗುವ ದಾರಿಯೇ ಇಲ್ಲ.”

“ಹಾಗಾದರೆ ಅವರು ಕೂರುವುದೆಲ್ಲಿ?”

“ದಾಮೋದರ ಸರ್ ಮೇಜಿನ ಬದಿಯಲ್ಲಿ. ಅವರ ಅನುಮತಿ ಕೇಳಿಯೇ ಕುರ್ಚಿ ಹಾಕಿಸಿಕೊಂಡದ್ದು.”

ಕಾರ್ಕಳದ ಬಸ್ಸು ಬಂತು. ಇಬ್ಬರೂ ನಗುತ್ತಲೇ ಹತ್ತಿದರು.